ಮಾಯಣ್ಣನ ಪಾಲಿನ ಗುಂಡಿ

ಮಾಯಣ್ಣನ ತೋಟ ನೋಡುವುದಕ್ಕೆ ಹಾಸನದ ಕಡೆಯಿಂದ ಒಂದು ಬಸ್ಸು ತುಂಬ ರೈತರು ಬರುತ್ತಾರೆ ಎಂಬ ಸುದ್ದಿ ಗ್ರಾಮಸೇವಕ ಶಂಭುಲಿಂಗಯ್ಯನ ಸೈಕಲ್ಲಿನ ಮೇಲೆ ಊರಿಗೆ ಬಂತು. ಕೆಂಕೆರೆಗೆ ಹತ್ತಿರದ ಆ ಸಣ್ಣ ಊರಿಗೆ ಅದುವರೆಗೆ ಬಸ್ಸು ಬಂದದ್ದು ಮದುವೆ ದಿಬ್ಬಣಕ್ಕೆ ಮಾತ್ರ. ಯಾರದೋ ತೋಟ ನೋಡಲು ಬಸ್ಸು ಮಾಡಿಕೊಂಡು ಬರುವ ಜನರೂ ಇರುತ್ತಾರೆಯೇ ಎಂದು ಮಾಯಣ್ಣನಿಗೇ ಆಶ್ಚರ್ಯ. ಆ ಆಶ್ಚರ್ಯ ಇದ್ದದ್ದು ಒಂದು ಗಳಿಗೆ. ಆಮೇಲೆ ಅದರ ಜಾಗದಲ್ಲಿ ಜಂಬ ಬಂದು ಕೂತಿತು.

"ಕಲ್ಲುಮೊರಡಿ ಮೇಲೆ, ಬಾವಿ ಇಲ್ಲದೆ, ಪಂಪ್‌ಸೆಟ್ ಇಲ್ಲದೆ, ಗೊಬ್ಬರದ ಚೀಲ ತರದೆ ತೆಂಗು ಹೆಂಗೆ ಎಬ್ಬಿಸಿದ್ರಿ ಅಂತ ಅವರಿಗೆ ನೀವೇ ಹೇಳಬೇಕು," ಎಂದ ಶಂಭುಲಿಂಗಯ್ಯ. "ಬುಧವಾರ ಬರ್ತಾರೆ. ನಾಲ್ಕು ಮಾತು ಯೋಚನೆ ಮಾಡಿ ಇಟ್ಕೊಳ್ಳಿ."

ಬುಧವಾರ ಎಂದಾಗ ಮಾಯಣ್ಣನಿಗೆ ಒಳಗೆಲ್ಲೋ ಚುರುಕ್ಕೆಂದಿತು. ಹಿಂದಿನ ದಿನವಷ್ಟೇ ತಿಮ್ಮಕ್ಕ ಎಲೆಅಡಿಕೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತು, "ಬುಧವಾರ ನನ್ನ ಹೊಲದಾಗೆ ತೆಂಗಿನ ಗುಂಡಿ ತೋಡೋದು ಇಟ್ಕೊಂಡಿವ್ನಿ ಕಣ್ಲಾ ಮಾಯ. ಮುಯ್ಯಿಗೆ ಬರಬೇಕು," ಎಂದು ಕರೆದು ಹೋಗಿದ್ದಳು. ಇವನು ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಬತ್ತೀನಿ ಕಣಕ್ಕ" ಎಂದಿದ್ದ.

ಆ ಸೀಮೆಯಲ್ಲಿ ಎಲೆ ತೆಗೆದುಕೊಂಡ ಮೇಲೆ ಮಾತು ಮುಗಿಯಿತು. ಮುಯ್ಯಿ ಎಂದರೆ ಒಬ್ಬರ ಹೊಲಕ್ಕೆ ಊರವರೆಲ್ಲ ಹೋಗಿ ಒಂದು ದಿನ ದುಡಿಯುವುದು, ಅವರು ತಿರುಗಿ ಇವರ ಹೊಲಕ್ಕೆ ಬಂದು ದುಡಿಯುವುದು. ಅದಕ್ಕೆ ಕೂಲಿ ಇಲ್ಲ. ಮಧ್ಯಾಹ್ನ ಊಟ ಉಂಟು. ಕರೆದವರೂ ಬಂದವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಮೈಗೆ ಹುಷಾರಿಲ್ಲದವನು ತಮ್ಮನನ್ನೋ ಹೆಂಡತಿಯನ್ನೋ ಕಳಿಸುತ್ತಾನೆ. ಅಂತೂ ಆ ಮನೆಯ ಒಂದು ಜೀವ ಆ ದಿನ ಅಲ್ಲಿ ಬಗ್ಗಿ ಏಳಬೇಕು.

ಅದರಲ್ಲೂ ಕರೆದವಳು ತಿಮ್ಮಕ್ಕ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಎಪ್ಪತ್ತೈದನೆಯ ಇಸವಿಯಲ್ಲಿ ಮನೆ ಪಾಲಾದಾಗ ಮಾಯಣ್ಣನ ಅಣ್ಣಂದಿರು ಕೆರೆ ಕೆಳಗಿನ ತೋಟ ಇಟ್ಟುಕೊಂಡು ಇವನಿಗೆ ಮೊರಡಿಯನ್ನು ಬಿಟ್ಟರು. ಹುರುಳಿ ಚೆಲ್ಲಿದರೂ ಮುಖ ತಿರುಗಿಸುವ ನೆಲ ಅದು. ಅಲ್ಲಿ ತೆಂಗಿಡುತ್ತೇನೆ ಎಂದು ಇವನು ಹೇಳಿದಾಗ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೇ ಮಾರನೆಯ ವಾರ ಹಾರೆ ಗುದ್ದಲಿ ಹಿಡಿದು ಮೊರಡಿ ಹತ್ತಿದರು. ಮನೆಗೊಂದು ಸಸಿ ಕೊಟ್ಟರು. ಗೆಳೆಯ ಚಿಕ್ಕಣ್ಣ ತನ್ನ ಗಾಡಿ ಕಟ್ಟಿ ಬತ್ತಿದ ಕೆರೆಯಿಂದ ಗೋಡುಮಣ್ಣು ಹೊಡೆದು, ಎತ್ತುಗಳ ಹೆಗಲು ಊದುವವರೆಗೂ ಬಿಡಲಿಲ್ಲ.

ತಿಮ್ಮಕ್ಕ ಮತ್ತು ಅವಳ ಗಂಡ ಕೆಂಚಯ್ಯನಿಗೆ ಅಂಗೈಯಗಲ ನೆಲವೂ ಇರಲಿಲ್ಲ. ಇದ್ದದ್ದು ಕುರಿ. ಬೇಸಿಗೆಯ ರಾತ್ರಿಗಳಲ್ಲಿ ಹೊಲದಲ್ಲಿ ಕುರಿಮಂದೆ ತರುಬಿಸಿ ಮಲಗಿಸಿಕೊಂಡರೆ ಆ ಗೊಬ್ಬರಕ್ಕೆ ಹೊಲದವರು ರಾಗಿ ಅಳೆದು ಕೊಡುವುದು ಪದ್ಧತಿ. ಮಾಯಣ್ಣನ ಮನೆಯಲ್ಲಿ ಅಳೆಯಲು ರಾಗಿ ಇರಲಿಲ್ಲ. "ರಾಗಿ ಯಾರು ಕೇಳಿದ್ರು ಬುಡು, ಕುರಿ ಎಲ್ಲಾದ್ರೂ ಮಲಗಬೇಕಲ್ಲ," ಎಂದು ಕೆಂಚಯ್ಯ ಆ ಬೇಸಿಗೆಯೂ ಅದರ ಮುಂದಿನ ಬೇಸಿಗೆಯೂ ಮಂದೆಯನ್ನು ಮೊರಡಿಯ ಮೇಲೆಯೇ ನಿಲ್ಲಿಸಿದ. ಮಾಯಣ್ಣನ ಹೆಂಡತಿ ಭೈರಮ್ಮ ಬಾಣಂತಿಯಾಗಿದ್ದಾಗ ಕಟ್ಟೆಯಿಂದ ಸಸಿಗಳಿಗೆ ನೀರು ಹೊತ್ತವಳು ತಿಮ್ಮಕ್ಕ. "ನಿನ್ನ ಮುಯ್ಯಿ ಹೆಂಗಕ್ಕ ತೀರಿಸ್ಲಿ, ನಿನಗೆ ಹೊಲವೇ ಇಲ್ವಲ್ಲ," ಎಂದು ಮಾಯಣ್ಣ ಒಮ್ಮೆ ಕೇಳಿದ. ಅವಳು ತಲೆಯ ಮೇಲಿನ ಬಿಂದಿಗೆ ಇಳಿಸುತ್ತ, "ನಂಗೂ ಒಂದಿನ ಹೊಲ ಆಯ್ತದೆ ಕಣ್ಲಾ. ಆವಾಗ ಬಂದು ಒಂದೇ ಒಂದು ಗುಂಡಿ ತೋಡು, ಸಾಕು," ಎಂದಳು. ಎಲ್ಲರೂ ನಕ್ಕರು. ಕುರಿ ಕಾಯುವವಳಿಗೆ ಹೊಲವಾಗುವುದೆಂದರೆ ಆಗ ನಗುವಂಥ ಮಾತೇ.

ಆಮೇಲೆ ಕೆಂಚಯ್ಯ ತೀರಿಕೊಂಡ. ಕುರಿಗಳೂ ಹೋದವು. ಮೊರಡಿ ಮಾತ್ರ ಹಸಿರಾಯಿತು. ಈಗ, ಹತ್ತು ವರ್ಷದ ಮೇಲೆ, ಗೋಮಾಳದಲ್ಲಿ ತಿಮ್ಮಕ್ಕನಿಗೆ ಸರ್ಕಾರದಿಂದ ಒಂದು ತುಂಡು ನೆಲ ಸಿಕ್ಕಿತ್ತು. ಅಂದು ನಕ್ಕ ಮಾತು ನಿಜವಾಗಿ ಎಲೆಅಡಿಕೆ ಹಿಡಿದು ಮನೆ ಬಾಗಿಲಿಗೆ ಬಂದಿತ್ತು.

"ಗುರುವಾರ ಬರ್ಲಿ ಅಂತ ಶಂಭುಲಿಂಗಯ್ಯನೋರಿಗೆ ಹೇಳಬೇಕಾಗಿತ್ತು ನೀವು," ಎಂದಳು ಭೈರಮ್ಮ, ಅವರೆಕಾಳು ಕೇರುತ್ತ.

"ಬಸ್ಸು ಗೊತ್ತು ಮಾಡ್ಕೊಂಡವ್ರೆ ಕಣೇ. ಹಂಗೆಲ್ಲ ಹೇಳಕ್ಕಾಯ್ತದಾ?"

ಹೇಳಬಹುದಿತ್ತು. ಶಂಭುಲಿಂಗಯ್ಯ ಒಳ್ಳೆಯ ಮನುಷ್ಯ, ಒಂದು ದಿನ ಹಿಂದೆ ಮುಂದೆ ಮಾಡುವುದು ಅವನ ಕೈಯಲ್ಲೇ ಇತ್ತು. ಕೇಳಿದರೆ ಬಸ್ಸು ಬೇರೆ ಯಾರದೋ ತೋಟಕ್ಕೆ ತಿರುಗಿಬಿಟ್ಟೀತು ಎಂದು ಹೆದರಿ ಮಾಯಣ್ಣ ಕೇಳಲಿಲ್ಲ. ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳುವಾಗ ಎಷ್ಟು ಅಚ್ಚುಕಟ್ಟಾಗಿ ಹೇಳಿಕೊಳ್ಳುತ್ತಾನೆ ನೋಡಿ: ಇದು ನನ್ನೊಬ್ಬನ ಮರ್ಯಾದೆಯಲ್ಲ, ಊರಿನ ಮರ್ಯಾದೆ ಎಂದುಕೊಂಡ. ಊರವರ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕಾದರೂ ತಾನು ಅಲ್ಲಿರಬೇಕು ಎಂದುಕೊಂಡ.

"ಹಂಗಾದ್ರೆ ನಾನು ಹೋಯ್ತೀನಿ," ಎಂದಳು ಭೈರಮ್ಮ.

"ಬಂದವ್ರಿಗೆ ಅಡಿಗೆ ಯಾರು ಮಾಡ್ತಾರೆ? ಪಕ್ಕದೂರಿಂದ ಇಬ್ಬರು ಆಳು ಕಳಿಸ್ತೀನಿ ಬುಡು. ನಾನೊಬ್ಬ ತೋಡೋದಕ್ಕಿಂತ ಅವ್ರಿಬ್ರು ಹೆಚ್ಚಿಗೇ ತೋಡ್ತಾರೆ. ತಿಮ್ಮಕ್ಕಂಗೆ ಲಾಭಾನೇ."

"ಮುಯ್ಯಿಗೆ ಕೂಲಿಯಾಳಾ?" ಎಂದು ಭೈರಮ್ಮ ಮೊರ ಹಾಗೇ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಮಾಯಣ್ಣ ಎದ್ದು ಕೊಟ್ಟಿಗೆಗೆ ಹೋದ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ.

ಬುಧವಾರ ಬೆಳಗ್ಗೆ ಆ ಇಬ್ಬರು ಆಳುಗಳಿಗೆ ತನ್ನ ಒಳ್ಳೆಯ ಹಾರೆಯನ್ನೇ ಕೊಟ್ಟು, ಮಣ್ಣು ಹೊರಲು ಹೊಸ ಮಂಕರಿ ಕೊಟ್ಟು ಗೋಮಾಳದ ಕಡೆಗೆ ಕಳಿಸಿದ. ತಾನು ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊರಡಿಯಲ್ಲಿ ನಿಂತ. ಬಸ್ಸು ಬಂತು. ಪೇಟದವರು, ಟವೆಲ್ಲಿನವರು, ಕೊಡೆ ಹಿಡಿದವರು ಇಳಿದು ಮರಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಬುಡದಲ್ಲಿ ಹೊದಿಸಿದ ಸೋಗೆಯನ್ನು ಎತ್ತಿ ಕೆಳಗಿನ ತೇವವನ್ನು ಬೆರಳಲ್ಲಿ ಹಿಸುಕಿದರು. ಇಳಿಜಾರಿಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಬದು, ಬದುವಿನ ಮೇಲಿನ ಹೊಂಗೆ, ಎಲ್ಲ ನೋಡಿ ತಲೆದೂಗಿದರು. ಮಾಯಣ್ಣನ ಎದೆ ಅಂಗಿಯ ಗುಂಡಿ ಬಿಗಿಯಾಗುವಷ್ಟು ಉಬ್ಬಿತು.

ಮಾತಾಡುವ ಹೊತ್ತು ಬಂತು. ಊರವರು ಬಂದು ಕೂರಲಿ ಎಂದು ಮೂರು ಜಮಖಾನ ಹಾಸಿಸಿದ್ದ. ಅವು ಬರಿದಾಗಿಯೇ ಇದ್ದವು. ಊಟದ ಹೊತ್ತಿಗಾದರೂ ಬಂದಾರು ಎಂದುಕೊಂಡು ಶುರುಮಾಡಿದ.

"ಈ ತೋಟ ನಂದಲ್ಲ ಸ್ವಾಮಿ, ನಮ್ಮೂರಿಂದು," ಎಂದ. ವಾರದಿಂದ ಬಾಯಿಪಾಠ ಮಾಡಿದ ಮಾತು ಅದು. ನಕ್ಕವರೇ ಹಾರೆ ಹಿಡಿದು ಬಂದದ್ದು ಹೇಳಿದ. ಮನೆಗೊಂದು ಸಸಿ ಕೊಟ್ಟದ್ದು, ಚಿಕ್ಕಣ್ಣನ ಎತ್ತುಗಳ ಹೆಗಲು ಊದಿದ್ದು ಹೇಳಿದ. ಒಂದು ಸೇರು ರಾಗಿಯನ್ನೂ ಕೇಳದೆ ಎರಡು ಬೇಸಿಗೆ ಕುರಿ ತರುಬಿದ ಕೆಂಚಯ್ಯನನ್ನು, ನೀರು ಹೊತ್ತ ತಿಮ್ಮಕ್ಕನನ್ನು ಹೆಸರು ಹಿಡಿದು ಹೇಳಿದ. ಮೊದಲ ಗೊನೆ ಇಳಿಸಿದಾಗ ಮನೆಮನೆಗೆ ತಾನೇ ಹೋಗಿ ಒಂದೊಂದು ಕಾಯಿ ಕೊಟ್ಟುಬಂದದ್ದನ್ನೂ ಬಿಡಲಿಲ್ಲ. "ಇವರ ಋಣ ಈ ಜನ್ಮದಲ್ಲಿ ತೀರೋದಲ್ಲ," ಎಂದು ಮುಗಿಸುವಾಗ ಕಣ್ಣಲ್ಲಿ ನೀರಿತ್ತು. ಬಂದವರೂ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮುಂದಿನ ಸಾಲಿನಲ್ಲಿ ಕೂತಿದ್ದ ಪೇಟದ ಮುದುಕನೊಬ್ಬ ಎದ್ದು ನಿಂತ. "ಎಂಥ ಜನ ಸ್ವಾಮಿ ನಿಮ್ಮೂರಿನವರು! ಅವರನ್ನೊಂದಿಷ್ಟು ಕರೀರಿ. ಕೈ ಮುಗಿದು ಹೋಗ್ತೀವಿ. ಎಲ್ಲ ಸೇರಿ ಒಂದು ಫೋಟೋನೂ ತೆಗೆಸಾಣ."

ಮಾಯಣ್ಣನ ಕಣ್ಣು ಬರಿ ಜಮಖಾನದ ಮೇಲೆ ಹೋಯಿತು. "ಅವ್ರು... ಇವತ್ತು ಮುಯ್ಯಿಗೆ ಹೋಗವ್ರೆ."

"ಯಾರ ಹೊಲಕ್ಕೆ?"

"ತಿಮ್ಮಕ್ಕನ ಹೊಲಕ್ಕೆ. ಹೊಸದಾಗಿ ತೆಂಗು ಇಡ್ತಾವ್ಳೆ."

"ಈಗ ಹೇಳಿದ್ರಲ್ಲ, ನೀರು ಹೊತ್ತೋರು, ಆ ತಾಯೀನಾ?"

"ಹೂಂ."

ಮುದುಕ ಇವನ ಬಿಳಿ ಪಂಚೆಯನ್ನೊಮ್ಮೆ ನೋಡಿದ. ಅವನೂ ಮುಯ್ಯಿ ಕಂಡವನೇ. ಆಡಿಕೊಳ್ಳಲಿಲ್ಲ, ನಗಲಿಲ್ಲ. "ಅಯ್ಯೋ, ನಮ್ಮಿಂದಾಗಿ ನಿಮಗೆ ಹೋಗಕ್ಕಾಗಲಿಲ್ಲ. ತಪ್ಪಾಯ್ತು ಸ್ವಾಮಿ," ಎಂದು ಕೂತುಬಿಟ್ಟ. ಬೈದಿದ್ದರೆ ಮಾಯಣ್ಣ ಏನಾದರೂ ಉತ್ತರ ಕೊಡುತ್ತಿದ್ದ. ತಾನು ಮಾಡಿದ ತಪ್ಪಿಗೆ ಹಾಸನದ ಮುದುಕ ಕ್ಷಮೆ ಕೇಳಿದ್ದಕ್ಕೆ ಏನು ಹೇಳುವುದು?

ಅಷ್ಟರಲ್ಲೇ ಅವನು ಕಳಿಸಿದ್ದ ಇಬ್ಬರು ಆಳುಗಳು ಹಾರೆ ಮಂಕರಿ ಹೊತ್ತುಕೊಂಡು ಬದುವಿನ ಮೇಲೆ ಬರುತ್ತಿದ್ದದ್ದು ಕಂಡಿತು. ಮಂಕರಿಗೆ ಮಣ್ಣು ಅಂಟಿರಲಿಲ್ಲ. ಮಾಯಣ್ಣ ಕೈಸನ್ನೆಯಲ್ಲಿ ಅವರನ್ನು ಹಿತ್ತಿಲ ಕಡೆಗೆ ಹೋಗಿ ಎಂದು ಹೇಳಲು ನೋಡಿದ. ಅವರಿಗೆ ಅದು ಬನ್ನಿ ಎಂದಂತೆ ಕಂಡಿತು. ನೇರ ಸಭೆಯ ಮಧ್ಯಕ್ಕೇ ಬಂದರು.

"ಆಯಮ್ಮ ಕೆಲಸ ಕೊಡ್ಲಿಲ್ಲ ಕಣ್ರೀ ಗೌಡ್ರೇ," ಎಂದ ಅವರಲ್ಲಿ ದೊಡ್ಡವನು, ದೂರದಿಂದ ಬಂದವರಿಗೂ ಕೇಳುವಂತೆ. "ಮುಯ್ಯಾಳಿನ ಸಾಲಿನಾಗೆ ಕೂಲಿಯಾಳು ನಿಂತ್ರೆ ಮಿಕ್ಕವ್ರೂ ಕೂಲಿಯೋರೇ ಆಗೋಯ್ತಾರೆ, ಅದಕ್ಕೇ ಬ್ಯಾಡ ಅಂದ್ಲು. ಮೊದಲ ಪಂಕ್ತೀಲೇ ಕೂರಿಸಿ ಊಟ ಹಾಕಿದ್ಲು ಸ್ವಾಮಿ. ಪಾಯಸಾನೂ ಇತ್ತು. ನಿಮ್ಮ ಸಾಮಾನು ತಗಳ್ಳಿ."

ಹಾರೆಯನ್ನು ಮಾಯಣ್ಣನ ಕಾಲ ಬಳಿ ಇಟ್ಟು ಅವರು ಹೊರಟುಹೋದರು. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು ಮಾಯಣ್ಣನಿಗೆ. ಊರೆಲ್ಲ ಸೇರಿ ತೋಡಿಕೊಟ್ಟ ನೆಲ ಅದು, ಹಾಗೆಲ್ಲ ಬಾಯಿ ಬಿಡಲಿಲ್ಲ. ಶಂಭುಲಿಂಗಯ್ಯ ಅವಸರದಲ್ಲಿ ಎದ್ದು ಎಲ್ಲರನ್ನೂ ಊಟಕ್ಕೆ ಕರೆದ. ಬಂದವರು ಉಂಡರು, ಹೊಗಳಿದರು, ಒಂದು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಮಾಯಣ್ಣ ಮಧ್ಯದಲ್ಲಿ ನಿಂತು ನೆಲ ನೋಡುತ್ತಿದ್ದ.

ಬಸ್ಸು ಹೋದ ಮೇಲೆ ಅಡಿಗೆ ಮಾಡಿದ್ದ ಚಪ್ಪರಕ್ಕೆ ಬಂದು, "ಭೈರಿ," ಎಂದು ಕರೆದ. ಪಾತ್ರೆಗಳು ಬೋರಲಾಗಿದ್ದವು. ಒಲೆಗೆ ನೀರು ಚಿಮುಕಿಸಿತ್ತು. ಗೂಟದ ಮೇಲೆ ಇರುತ್ತಿದ್ದ ಅವಳ ಮಣ್ಣು ಹೊರುವ ಹಳೆಯ ಪುಟ್ಟಿ ಇರಲಿಲ್ಲ. ಬಡಿಸಿದ ಕೈ ತೊಳೆದುಕೊಂಡು ಹೇಳದೆ ಕೇಳದೆ ಗೋಮಾಳಕ್ಕೆ ಹೊರಟುಹೋಗಿದ್ದಳು. ಅವನ ತಟ್ಟೆ ಮುಚ್ಚಿಟ್ಟಿತ್ತು. ಅವನು ಅದನ್ನು ತೆರೆಯಲಿಲ್ಲ. ಹಾರೆ ಎತ್ತಿಕೊಂಡು ಬಿಳಿ ಪಂಚೆಯಲ್ಲೇ ನಡೆದ.

ದಾರಿಯುದ್ದಕ್ಕೂ ತಾನು ಆಡಿದ ಮಾತೇ ಕಿವಿಯಲ್ಲಿ ಕೂಗುತ್ತಿತ್ತು. ಯಾರಿಗೆ ಹೇಳಿದೆ? ಕೆಂಚಯ್ಯನ ಮುಖವನ್ನೇ ಕಾಣದ ಜನಕ್ಕೆ, ಕಣ್ಣೀರು ಹಾಕಿಕೊಂಡು. ಯಾರ ಋಣ ಎಂದೆನೋ ಅವರಿಗೆ ಇಬ್ಬರು ಕೂಲಿಯವರನ್ನು ಕಳಿಸಿ ಕೈತೊಳೆದುಕೊಂಡೆ. ನಾಚಿಕೆಯಲ್ಲಿ ಅವನ ಕಿವಿಗಳು ಸುಡುತ್ತಿದ್ದವು. ಎರಡು ಸಲ ನಿಂತ. ನಾಳೆ ಬೆಳಗ್ಗೆ ಬಂದರಾಯಿತು, ಯಾರೂ ಇಲ್ಲದಾಗ, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಮತ್ತೂ ನಾಚಿಕೆಯಾಗಿ ನಡೆದ.

ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಗುಂಡಿಗಳನ್ನೆಲ್ಲ ತೋಡಿ, ಗೋಡು ಗೊಬ್ಬರ ತುಂಬಿ, ಸಸಿ ಇಟ್ಟು ಮುಗಿದಿತ್ತು. ಜನ ಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಭೈರಮ್ಮ ಹೆಂಗಸರ ನಡುವೆ ಮಣ್ಣಿನ ಪುಟ್ಟಿ ತೊಳೆಯುತ್ತಿದ್ದಳು. ಗಂಡನನ್ನು ಕಂಡು ಸೆರಗು ಸರಿಮಾಡಿಕೊಂಡು ಮತ್ತೆ ಪುಟ್ಟಿಗೆ ಬಗ್ಗಿದಳು.

"ಬಾರಪ್ಪ ಮಾಯ," ಎಂದ ಚಿಕ್ಕಣ್ಣ. "ಬಂದವ್ರು ತೋಟ ಮೆಚ್ಚಿಕೊಂಡ್ರಾ? ಊಟ ಸಾಲ್ತಾ?"

ಅದರಲ್ಲಿ ಕೊಂಕು ಇತ್ತೇ ಎಂದು ಮಾಯಣ್ಣ ಅವನ ಮುಖ ನೋಡಿದ. ಇರಲಿಲ್ಲ. ನಿಜವಾಗಿಯೂ ಕೇಳಿದ್ದ. ಕೊಂಕಿದ್ದಿದ್ದರೆ ಮಾಯಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ತಿಮ್ಮಕ್ಕ ಹೊಂಗೆಯ ನೆರಳಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಇವನು ಎದುರಿಗೆ ಹೋಗಿ ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದ. ಬೆಳಗ್ಗೆ ಅಷ್ಟು ಸರಾಗವಾಗಿ ಹರಿದ ಮಾತು ಈಗ ಒಂದೂ ಬರಲಿಲ್ಲ.

"ಆ ಮೂಲೇಲಿ ಒಂದು ಗುಂಡಿ ಅದೆ ನೋಡು," ಎಂದಳು ಅವಳು, ಏನೂ ಆಗಿಲ್ಲವೆಂಬಂತೆ.

ಮೂಲೆಯಲ್ಲಿ ಗುಂಡಿ ಇರಲಿಲ್ಲ. ನೆಲದ ಮೇಲೆ ಹಾರೆಯಿಂದ ಗೀರಿದ ಒಂದು ಚೌಕವಿತ್ತು. ಅದರ ಪಕ್ಕ ಗೋಡಿನ ಗುಡ್ಡೆ, ಗೊಬ್ಬರದ ಗುಡ್ಡೆ, ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಸಸಿ.

"ನಾವು ತೋಡ್ತೀವಿ ಅಂತ ಇವ್ರೆಲ್ಲ ಅಂದ್ರು. ನಾನೇ ಬ್ಯಾಡ ಅಂದೆ," ಎಂದಳು ತಿಮ್ಮಕ್ಕ ಹಿಂದೆಯೇ ಬಂದು. "ಅದು ಮಾಯನ ಪಾಲಿಂದು, ಹೊತ್ತು ಮುಳುಗೋವರ್ಗೂ ಇರ್ಲಿ ಅಂದೆ."

"ಸಸಿ ಯಾರ ಮನೇದಕ್ಕ?" ಎಂದ ಮಾಯಣ್ಣ.

"ನಿಂದೇ ಕಣ್ಲಾ. ಹೋದ ವರ್ಷದ ಸಂಕ್ರಾಂತೀಲಿ ಮೊದಲ ಗೊನೇದು ಅಂತ ಒಂದು ಕಾಯಿ ತಂದು ಕೊಟ್ಟಿರ್ಲಿಲ್ವಾ? ಒಡೆಯಕ್ಕೆ ಮನಸು ಬರ್ಲಿಲ್ಲ. ಬಚ್ಚಲ ನೀರು ಹೋಗೋ ತಾವ ಮರಳಲ್ಲಿ ಹೂತಿದ್ದೆ. ಆವಾಗ ಹೊಲ ಎಲ್ಲಿತ್ತು? ಸುಮ್ನೆ ಹೂತಿದ್ದೆ."

ಮಾಯಣ್ಣ ಮುಖ ತಿರುಗಿಸಿ ಹಾರೆ ಹಾಕಿದ. ಪಂಚೆ ಎತ್ತಿ ಕಟ್ಟುವುದನ್ನೂ ಮರೆತ, ಅಂಗಿಯನ್ನಾದರೂ ಬಿಚ್ಚಬೇಕೆಂದು ಹೊಳೆಯಲಿಲ್ಲ. ಮೇಲಿನ ಮಣ್ಣು ಬಂತು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ಹಾಸುಬಂಡೆ. ಪಕ್ಕಕ್ಕೆ ಹಾಕಿದ, ಅಲ್ಲೂ ಬಂಡೆ. ಬಡಿದ. ಈಚೆಗೆ ಹಾರೆ ಹಿಡಿಯುವುದನ್ನೇ ಬಿಟ್ಟಿದ್ದ ಅಂಗೈಗಳು ಬೊಬ್ಬೆ ಎದ್ದು ಒಡೆದವು. ಉಸಿರು ಮೇಲಾಯಿತು. ಎಲ್ಲರೂ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಒಂದು ಗುಂಡಿ, ಒಂದೇ ಒಂದು ಗುಂಡಿ ಕೇಳಿದ್ದಳು. ಅದನ್ನಾದರೂ ತನ್ನ ಕೈಯಲ್ಲೇ ಮುಗಿಸಬೇಕೆಂದು ಹಲ್ಲು ಕಚ್ಚಿ ಬಡಿಯುತ್ತಿದ್ದ. ಬಂಡೆಗೆ ಅದು ಗೊತ್ತಾಗಲಿಲ್ಲ.

ಹಿಂದಿನಿಂದ ಯಾರೋ ಗುಂಡಿಯೊಳಕ್ಕೆ ಇಳಿದರು. ಚಿಕ್ಕಣ್ಣ. ತೊಳೆದ ಕಾಲಿನಲ್ಲೇ ಇಳಿದಿದ್ದ. "ಸರಿ ಅತ್ಲಾಗೆ," ಎಂದು ಬಂಡೆಯ ಸಂದಿಗೆ ಇನ್ನೊಂದು ಹಾರೆ ಕೊಟ್ಟ.

"ಬ್ಯಾಡ ಚಿಕ್ಕಣ್ಣ. ಇದು ನಾನೇ..."

"ಸರೀಲಾ ಅಂದ್ರೆ."

ಮನೆಗೆ ಹೊರಟಿದ್ದವರು ಹೆಗಲ ಮೇಲಿನ ಟವೆಲ್ ಹೊಂಗೆಯ ಕೊಂಬೆಗೆ ನೇತುಹಾಕಿ ತಿರುಗಿ ಬಂದರು. ಒಬ್ಬ ಮೀಟಿದ, ಒಬ್ಬ ಕಲ್ಲುಚಕ್ಕೆ ಎತ್ತಿ ಹಾಕಿದ. ಭೈರಮ್ಮ ತೊಳೆದ ಪುಟ್ಟಿಗೆ ಮತ್ತೆ ಮಣ್ಣು ತುಂಬಿದಳು. ಹತ್ತು ವರ್ಷದ ಹಿಂದೆ ಮೊರಡಿಯ ಮೇಲೂ ಹೀಗೇ, ಬಂಡೆ ಸಿಕ್ಕಿದ ಕಡೆಯಲ್ಲೆಲ್ಲ ಇವೇ ಕೈಗಳು ಬಂದಿದ್ದವು. ಆಗ ಅವನು ಸಂತೋಷದಲ್ಲಿ ಅತ್ತಿದ್ದ. ಈಗ ಬೇರೆಯಾಗಿತ್ತು. ಋಣ ತೀರಿಸಲು ಬಂದವನ ಕೆಲಸವನ್ನೂ ಅವರೇ ಮಾಡಿಕೊಡುತ್ತಿದ್ದರು. ಅವನು ಗುಂಡಿಯ ಅಂಚಿನಲ್ಲಿ ಖಾಲಿ ಕೈಯಲ್ಲಿ ನಿಂತು ತಲೆ ತಗ್ಗಿಸಿದ. ಇಷ್ಟು ನಾಚಿಕೆಯನ್ನು ಅವನು ಹುಟ್ಟಿದಾಗಿನಿಂದ ಉಂಡಿರಲಿಲ್ಲ.

ಬಂಡೆ ಎದ್ದಿತು. ಗೋಡು ತುಂಬಿದರು. ತಿಮ್ಮಕ್ಕ ಗೋಣಿ ಬಿಚ್ಚಿ ಸಸಿಯನ್ನು ಅವನ ಕೈಗೆ ಕೊಟ್ಟಳು. ಅವನು ಮಂಡಿಯೂರಿ ಹಿಡಿದುಕೊಂಡ. ಅವಳು ಸುತ್ತ ಮಣ್ಣು ತುಳಿಯುತ್ತ, "ನೆಟ್ಟಗೆ ಹಿಡ್ಕೊಳಾ, ಸೊಟ್ಟ ಆಯ್ತದೆ," ಎಂದು ಗದರಿದಳು. ಬೊಬ್ಬೆಯೊಡೆದ ಅಂಗೈಯ ಕೆಂಪು ಸಸಿಯ ಕಾಂಡಕ್ಕೆ ಹತ್ತಿತು. ಅವಳು ಅದನ್ನು ನೋಡಿ, ಸೆರಗಿನ ತುದಿಯಲ್ಲಿ ಒರೆಸಿದಳು.

"ಬೇಸಿಗೇಲಿ ನೀರು ಹುಯ್ಯಕ್ಕೆ ಬತ್ತೀಯೇನ್ಲಾ?" ಎಂದಳು. "ಆಳು ಗೀಳು ಕಳಿಸಬ್ಯಾಡ."

ಜನ ನಕ್ಕರು. ಹತ್ತು ವರ್ಷದ ಹಿಂದೆ ನಕ್ಕಂತೆಯೇ ನಕ್ಕರು, ಒಂದು ಚೂರೂ ಕಹಿ ಇಲ್ಲದೆ. ಬತ್ತೀನಿ ಕಣಕ್ಕ ಎಂಬ ಮಾತು ಮಾಯಣ್ಣನ ನಾಲಿಗೆಯ ತುದಿಗೆ ಬಂತು. ಎಲೆ ತೆಗೆದುಕೊಂಡ ದಿನ ಆಡಿದ್ದು ಅದೇ ಮಾತನ್ನು. ಅವನು ಹೊಂಗೆಯ ಬುಡದಲ್ಲಿದ್ದ ಬಿಂದಿಗೆಯನ್ನು ಎತ್ತಿಕೊಂಡು, ಮಣ್ಣಾದ ಪಂಚೆಯಲ್ಲಿ ಕಟ್ಟೆಯ ನೀರಿಗೆ ಇಳಿದ.